ಗುಟ್ಟು ಬಲ್ಲ ದನಿ

ಮೂರನೆಯ ಆಡಿಯೋ ಪುಸ್ತಕ ಶುರುವಾಗಿ ಇನ್ನೂ ಸರಿಯಾಗಿ ಕೂತಿರಲೂ ಇಲ್ಲ, ನಿಲ್ಲಿಸಿಬಿಟ್ಟೆ. ಊರು ಅದೇ, ಜನ ಅವರೇ, ಗುರುವಾರದ ಸಭೆಯೂ ಅದೇ. ದನಿ ಮಾತ್ರ ಬೇರೆ. ರಿಚರ್ಡ್ ಆಸ್ಮನ್ ಅವರ 'ದ ಥರ್ಸ್‌ಡೇ ಮರ್ಡರ್ ಕ್ಲಬ್' ಸರಣಿಯ ಮೊದಲೆರಡು ಕಾದಂಬರಿಗಳಿಗೆ (2020 ಮತ್ತು 2021ರವು) ದನಿ ಕೊಟ್ಟವರು ಲೆಸ್ಲಿ ಮ್ಯಾನ್‌ವಿಲ್. 2022ರಲ್ಲಿ ಬಂದ ಮೂರನೆಯದನ್ನು ಓದಿದವರು ಫಿಯೋನಾ ಶಾ. ಇಬ್ಬರೂ ಹೆಸರಾಂತ ನಟಿಯರು, ಇಬ್ಬರ ಓದೂ ಸೊಗಸು. ಆದರೂ ಆ ಸಂಜೆ ನನಗಾದ ಕಸಿವಿಸಿ ಸಣ್ಣದಲ್ಲ. ಗುರುತಿನವರ ಮನೆಗೆ ಹೋದಾಗ ಬೇರೆ ಯಾರೋ ಬಾಗಿಲು ತೆಗೆದು, ಮನೆಯವರ ಹಾಗೆಯೇ ಒಳಗೆ ಕರೆದಂತಿತ್ತು. ಪುಸ್ತಕವನ್ನು ಕಾಗದದ ಮೇಲೆ ಓದುವಾಗ ಇಂಥ ಪ್ರಶ್ನೆಯೇ ಏಳುವುದಿಲ್ಲ. ಲೇಖಕರು ಅವರೇ ಇರುವಾಗ ನಾನು ಕಳೆದುಕೊಂಡದ್ದು ಯಾರನ್ನು? ಈ ಪ್ರಶ್ನೆ ತಲೆಯೊಳಗೆ ಕೂತು ಬಹಳ ಕಾಲವಾಯಿತು. ಇದನ್ನು ಬಿಡಿಸಿ ನೋಡುತ್ತಾ ಹೋದ ಹಾಗೆ, ಕೊಲೆಯ ಕಥೆಗಳನ್ನು ಕೇಳುವುದರ ಬಗ್ಗೆ ನಾನು ಅಂದುಕೊಂಡಿದ್ದ ಎಷ್ಟೋ ಸಂಗತಿ ಬದಲಾದವು.

ಈ ಸರಣಿ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಕೂಪರ್ಸ್ ಚೇಸ್ ಎಂಬ ನಿವೃತ್ತರ ವಸತಿ. ಅಲ್ಲಿ ನಾಲ್ವರು ಹಿರಿಯರು: ಬೇಹುಗಾರಿಕೆಯಲ್ಲಿ ಜೀವನ ಕಳೆದ ಎಲಿಜಬೆತ್, ನರ್ಸ್ ಆಗಿದ್ದ ಜಾಯ್ಸ್, ಕಾರ್ಮಿಕ ಸಂಘದ ಮುಖಂಡರಾಗಿದ್ದ ರಾನ್, ಮನೋವೈದ್ಯ ಇಬ್ರಾಹಿಂ. ಪ್ರತಿ ಗುರುವಾರ ಸೇರಿ, ಪೊಲೀಸರು ಬಗೆಹರಿಸದೆ ಬಿಟ್ಟ ಹಳೆಯ ಕೊಲೆ ಕೇಸುಗಳ ಕಡತ ಬಿಚ್ಚಿ ಕೂರುತ್ತಾರೆ. ಅಷ್ಟರಲ್ಲಿ ಅವರ ಅಂಗಳದಲ್ಲೇ ಹೊಸ ಕೊಲೆ. ಜಾಯ್ಸ್ ದಿನಚರಿ ಬರೆಯುತ್ತಾರೆ, ಆ ಅಧ್ಯಾಯಗಳು 'ನಾನು' ಎಂದು ನಡೆಯುತ್ತವೆ. ಉಳಿದದ್ದನ್ನು ಲೇಖಕರು ಹೊರಗೆ ನಿಂತು ಹೇಳುತ್ತಾರೆ. ಆಸ್ಮನ್‌ಗೆ ಇದು ಹೊಳೆದದ್ದು ಅವರ ತಾಯಿ ಇದ್ದ ಇಂಥದ್ದೇ ಒಂದು ವಸತಿಗೆ ಹೋಗಿಬರುವಾಗ. ರಕ್ತದ ವರ್ಣನೆ ಇಲ್ಲ, ಕೇಕು, ಚಹಾ, ವೈನು ಧಾರಾಳ. ಇಂಥವನ್ನು ಹಗುರವಾದ ಪತ್ತೇದಾರಿ ಅಂತ ಕರೆದು ಬದಿಗಿಡುವ ರೂಢಿ ಇದೆ. ನನಗೆ ಆ ರೂಢಿಯ ಬಗ್ಗೆ ತಕರಾರಿದೆ.

ಓದುವವರಿಗೆ ಕೊನೆ ಗೊತ್ತು

ಆಡಿಯೋ ಪುಸ್ತಕಕ್ಕೆ ದನಿ ಕೊಡುವವರು ರೆಕಾರ್ಡಿಂಗಿಗೆ ಕೂರುವ ಮುಂಚೆ ಇಡೀ ಪುಸ್ತಕ ಓದಿಕೊಳ್ಳುತ್ತಾರೆ. ಯಾರಿಗೆ ಯಾವ ಊರಿನ ಮಾತು, ಯಾರು ತೊದಲುತ್ತಾರೆ, ಯಾವ ಹೆಸರನ್ನು ಹೇಗೆ ಹೇಳಬೇಕು, ಎಲ್ಲ ಗುರುತು ಹಾಕಿಕೊಳ್ಳುತ್ತಾರೆ. ಹಾಗೆ ಮಾಡದಿದ್ದರೆ ಇಪ್ಪತ್ತನೆಯ ಅಧ್ಯಾಯದಲ್ಲಿ 'ಆತನ ಸ್ಕಾಟಿಷ್ ಧಾಟಿಯ ಮಾತು' ಎಂಬ ವಾಕ್ಯ ಎದುರಾಗಿ, ಅಲ್ಲಿವರೆಗೆ ಲಂಡನ್ನಿನ ಧಾಟಿಯಲ್ಲಿ ಓದಿದ್ದೆಲ್ಲ ದಂಡವಾಗುತ್ತದೆ. ಬೇರೆ ಕಾದಂಬರಿಗಳಲ್ಲಿ ಈ ಪೂರ್ವತಯಾರಿ ಒಂದು ಅನುಕೂಲ. ಪತ್ತೇದಾರಿಯಲ್ಲಿ ಅದೇ ಒಂದು ಭಾರ. ಕೊಲೆ ಮಾಡಿದವರು ಯಾರೆಂದು ಬಲ್ಲ ಮನುಷ್ಯರೊಬ್ಬರು ನನ್ನ ಕಿವಿಗೆ ಇಷ್ಟು ಹತ್ತಿರ ಕೂತು, ಹತ್ತು ಹನ್ನೆರಡು ಗಂಟೆ ಮಾತಾಡುತ್ತಲೇ ಇರಬೇಕು, ಒಂದು ಉಸಿರಿನಲ್ಲೂ ಗುಟ್ಟು ಬಿಟ್ಟುಕೊಡಬಾರದು.

ಇದು ಎಷ್ಟು ಕಷ್ಟ ಎಂದು ಯೋಚಿಸಿ. ಮುದ್ರಿತ ಪುಟದಲ್ಲಿ ಎಲ್ಲರ ಮಾತೂ ಒಂದೇ ಅಕ್ಷರದಲ್ಲಿ ಇರುತ್ತದೆ. ನಿರಪರಾಧಿಯ 'ನಮಸ್ಕಾರ'ಕ್ಕೂ ಕೊಲೆಗಾರನ 'ನಮಸ್ಕಾರ'ಕ್ಕೂ ಶಾಯಿಯಲ್ಲಿ ವ್ಯತ್ಯಾಸವಿಲ್ಲ. ದನಿಗೆ ಆ ಸವಲತ್ತಿಲ್ಲ. ಒಬ್ಬರಿಗೆ ಚೂರು ಹೆಚ್ಚು ಮುತುವರ್ಜಿ ಕೊಟ್ಟರೆ ಕೇಳುಗರು ಮೂಸಿಬಿಡುತ್ತಾರೆ, ಚೂರು ಕಡಿಮೆ ಮಾಡಿದರೂ ಮೂಸುತ್ತಾರೆ. ಇನ್ನೂ ಬಿಕ್ಕಟ್ಟಿನದು, ಇಂಥ ಕಾದಂಬರಿಗಳಲ್ಲಿ ಪದೇ ಪದೇ ಬರುವ ಅನಾಮಿಕ ಫೋನ್ ಕರೆ, ಕತ್ತಲಲ್ಲಿ ನಿಂತು ಮಾತಾಡುವ ಆಕೃತಿ. ಪುಟದ ಮೇಲೆ 'ಅತ್ತಲಿಂದ ಒಂದು ದನಿ ಹೇಳಿತು' ಎಂದು ಬರೆದರೆ ಮುಗಿಯಿತು. ಓದುವವರು ಅಲ್ಲಿ ಯಾರ ದನಿ ತರಬೇಕು? ನಿಜವಾದ ಪಾತ್ರದ ದನಿ ತಂದರೆ ಕಥೆ ಅಲ್ಲೇ ಸತ್ತಿತು. ಬೇರೆ ದನಿ ತಂದರೆ ಕೇಳುವವರಿಗೆ ಸುಳ್ಳು ಹೇಳಿದಂತೆ. ಒಳ್ಳೆಯ ಕಲಾವಿದರು ಎರಡರ ನಡುವೆ ಒಂದು ಪಿಸುಮಾತು ಹುಡುಕಿಕೊಳ್ಳುತ್ತಾರೆ, ಮುಂದೆ ತಿರುಗಿ ಕೇಳಿದಾಗ ಮೋಸವಾಯಿತು ಅನ್ನಿಸದ ಹಾಗೆ. ಇದನ್ನು ಗಮನಿಸಿದ ಮೇಲೆ ನನಗೆ ಈ ಓದಿನ ಬಗ್ಗೆ ಇರುವ ಗೌರವ ಬೇರೆಯೇ ಆಯಿತು.

ಕೇಳುಗರ ಕಡೆಯ ಕಥೆಯೂ ಬೇರೆಯೇ. ಕಾಗದದ ಪತ್ತೇದಾರಿಯಲ್ಲಿ ನಾನು ಹಿಂದಿನ ಪುಟಗಳಿಗೆ ಹೋಗುತ್ತೇನೆ, ಬೆರಳಿಟ್ಟುಕೊಂಡು ಎರಡು ಕಡೆ ತಾಳೆ ನೋಡುತ್ತೇನೆ. ಕಿವಿಗೆ ಈ ಬೆರಳಿಲ್ಲ. ಮೂವತ್ತು ಸೆಕೆಂಡ್ ಹಿಂದಕ್ಕೆ ಹೋಗುವ ಗುಂಡಿ ಇದೆ ನಿಜ, ಆದರೆ ಕೈಯಲ್ಲಿ ಚಪಾತಿ ಹಿಟ್ಟು ಮೆತ್ತಿಕೊಂಡಿರುವಾಗ ಅದನ್ನು ಒತ್ತುವವರು ಯಾರು? ಸುಳಿವುಗಳನ್ನು ಅಡಗಿಸುವ ಹಳೆಯ ಉಪಾಯವೊಂದಿದೆ: ಮೇಜಿನ ಮೇಲೆ ಏನೇನಿತ್ತು ಎಂದು ಉದ್ದಕ್ಕೆ ಪಟ್ಟಿ ಕೊಟ್ಟು, ಮುಖ್ಯವಾದದ್ದನ್ನು ನಡುವೆ ಇಟ್ಟುಬಿಡುವುದು. ಕಣ್ಣು ಅಲ್ಲಿ ಒಮ್ಮೆ ತಡೆಯಬಹುದು. ಕಿವಿಯಲ್ಲಿ ಮೊದಲನೆಯದು, ಕೊನೆಯದು ಉಳಿಯುತ್ತವೆ, ನಡುವಿನದು ಹರಿದುಹೋಗುತ್ತದೆ. ಹಾಗಾಗಿ ಕೇಳುವಾಗ ನಾನು ವಸ್ತುಗಳನ್ನು ಬಿಟ್ಟು ಜನರನ್ನು ಹಿಂಬಾಲಿಸತೊಡಗಿದೆ. ಚಾಕು ಎಲ್ಲಿತ್ತು ಅನ್ನುವುದಕ್ಕಿಂತ, ಚಾಕುವಿನ ಮಾತು ಬಂದಾಗ ಯಾರು ಬೇಗ ಉತ್ತರ ಕೊಟ್ಟರು ಅನ್ನುವುದು ನನ್ನ ಸುಳಿವಾಯಿತು.

ಕೇಳುವ ಪುಸ್ತಕಗಳ ಶುರುವಿನಲ್ಲೇ ಪತ್ತೇದಾರಿ ಇತ್ತು ಎಂಬುದು ನನಗೆ ತಿಳಿದದ್ದು ತಡವಾಗಿ, ತಿಳಿದಾಗ ತುಂಬಾ ಖುಷಿಯಾಯಿತು. ಬ್ರಿಟನ್ನಿನಲ್ಲಿ ಅಂಧರಿಗಾಗಿ 'ಟಾಕಿಂಗ್ ಬುಕ್ಸ್' ಸೇವೆ ಆರಂಭವಾದದ್ದು 1935ರ ನವೆಂಬರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡು ಅದು. ಆಗಿನ ಮಾಮೂಲಿ ಗ್ರಾಮಫೋನ್ ತಟ್ಟೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ನಿಧಾನವಾಗಿ ತಿರುಗುವ ತಟ್ಟೆ ಮಾಡಿ, ಒಂದು ಮಗ್ಗುಲಿಗೆ ಸುಮಾರು 25 ನಿಮಿಷದ ಓದನ್ನು ಹಿಡಿಸಿದರು. ಮೊಟ್ಟಮೊದಲು ಹೊರಬಂದ ಪುಸ್ತಕಗಳಲ್ಲಿ ಒಂದು ಅಗಾಥಾ ಕ್ರಿಸ್ಟಿಯವರ 'ದ ಮರ್ಡರ್ ಆಫ್ ರಾಜರ್ ಆಕ್‌ರಾಯ್ಡ್'. ಇಂಗ್ಲೆಂಡಿನ ಒಂದು ಹಳ್ಳಿಯ ಡಾಕ್ಟರು ತಾವೇ 'ನಾನು' ಎಂದು ಹೇಳುವ ಕೊಲೆ ಕಥೆ ಅದು. ಓದದವರು ಓದಲಿ ಅಥವಾ ಕೇಳಲಿ, ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ. ಕಂದಕದಿಂದ ಕತ್ತಲಿಗೆ ಬಂದ ಆ ಜನರಿಗೆ ಗಂಭೀರ ಸಾಹಿತ್ಯದ ಜೊತೆಗೇ ಇಂಥದ್ದೊಂದನ್ನೂ ಕಳಿಸಬೇಕು ಎಂದು ಯಾರಿಗೋ ಅನ್ನಿಸಿತಲ್ಲ, ಅವರು ದೊಡ್ಡ ಮನಸ್ಸಿನವರು. ಇಪ್ಪತ್ತೈದು ನಿಮಿಷಕ್ಕೊಮ್ಮೆ ತಟ್ಟೆ ತಿರುವಿ ಹಾಕುತ್ತಾ ಕೊಲೆಗಾರನನ್ನು ಹುಡುಕುವುದನ್ನು ಊಹಿಸಿಕೊಂಡರೆ ನನಗೆ ಇವತ್ತಿನ ಯಾವ ಆ್ಯಪೂ ಅಷ್ಟು ರೋಮಾಂಚನ ಕೊಡಲಾರದು ಅನ್ನಿಸುತ್ತದೆ.

ಜಾಯ್ಸಮ್ಮನ ಕಥೆ

ಅಮ್ಮನಿಗೆ ಮಂಡಿ ಆಪರೇಷನ್ ಆದಾಗ ರಾತ್ರಿಗಳಲ್ಲಿ ಆಸ್ಪತ್ರೆಯಲ್ಲಿ ನಾನೇ ಇರುತ್ತಿದ್ದೆ. ಒಂದು ಕಿವಿ ಅಮ್ಮನಿಗೆ, ಇನ್ನೊಂದು ಕಿವಿ ಕೂಪರ್ಸ್ ಚೇಸ್‌ಗೆ. ಮೊದಲ ರಾತ್ರಿಯೇ ಅಮ್ಮ ಕೇಳಿದಳು, "ಏನೇ ಅದು, ಒಬ್ಬಳೇ ನಗ್ತಾ ಇದ್ದೀಯ?"

"ಕೊಲೆ ಕಥೆ ಅಮ್ಮಾ."

"ಕೊಲೆ ಕಥೇಲಿ ನಗೋ ಅಂಥದ್ದೇನಿದೆ? ಹೇಳು ನೋಡೋಣ."

ಹೇಳತೊಡಗಿದೆ. ಅಮ್ಮ ಹುಡುಗಿಯಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು, ಅಜ್ಜನ ಕಣ್ಣಿಗೆ ಬೀಳದಂತೆ ಓದಿದವಳು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಆ ಮಹಾನುಭಾವರ ಪತ್ತೇದಾರ ಪುರುಷೋತ್ತಮನೇ ಅವಳಿಗೆ ಇಂದಿಗೂ ಅಳತೆಗೋಲು. ಜಾಯ್ಸ್ ಅವಳ ಬಾಯಲ್ಲಿ ಮರುದಿನವೇ ಜಾಯ್ಸಮ್ಮ ಆದರು. ಎಲಿಜಬೆತ್ ಮಾತ್ರ ಎಲಿಜಬೆತ್ತಾಗಿಯೇ ಉಳಿದರು, "ಆಕೆ ಸ್ವಲ್ಪ ಜೋರು" ಎಂದು. ಪೊಲೀಸರು ಎಡವುತ್ತಿದ್ದ ಜಾಗದಲ್ಲಿ ಅಮ್ಮನ ತೀರ್ಪು ಹೀಗೆ: "ಪುರುಷೋತ್ತಮ ಆಗಿದ್ರೆ ಇಷ್ಟೊತ್ತಿಗೆ ಹಿಡಿದುಬಿಡ್ತಿದ್ದ." ಹಗಲಲ್ಲಿ ಅವಳು ನಿದ್ದೆಹೋದಾಗ ನಾನು ಮುಂದಕ್ಕೆ ಕೇಳಿಕೊಳ್ಳುವುದು, ರಾತ್ರಿ ಅದನ್ನು ನಮ್ಮ ಮಾತಿನಲ್ಲಿ ಹೇಳುವುದು, ಹೀಗೆ ನಡೆಯಿತು. ಡ್ಯೂಟಿಯ ನರ್ಸ್ ಹುಡುಗಿ ಕೂಡ ಬಿಪಿ ನೋಡುವ ನೆಪದಲ್ಲಿ ನಿಂತು ಕೇಳಿ ಹೋಗುತ್ತಿದ್ದಳು. ಜಾಯ್ಸಮ್ಮನೂ ನರ್ಸ್ ಎಂದು ತಿಳಿದ ಮೇಲೆ ಅವಳ ಪಕ್ಷ ಯಾವುದೆಂದು ಹೇಳಬೇಕಿಲ್ಲ.

ಆ ರಾತ್ರಿಗಳಲ್ಲಿ ಒಂದು ಅಧ್ಯಾಯ ಬಂತು. ಗುರುವಾರದ ಗುಂಪನ್ನು ಕಟ್ಟಿದ ಪೆನ್ನಿ ಎಂಬ ಹಳೆಯ ಪೊಲೀಸ್ ಅಧಿಕಾರಿ ಈಗ ಅದೇ ವಸತಿಯ ಶುಶ್ರೂಷಾ ಮನೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಎಲಿಜಬೆತ್ ದಿನವೂ ಹೋಗಿ ಹಾಸಿಗೆಯ ಪಕ್ಕ ಕೂತು ಕೇಸಿನ ವಿವರವನ್ನೆಲ್ಲ ಗೆಳತಿಗೆ ಹೇಳುತ್ತಾರೆ. ಕೇಳಿಸುತ್ತದೋ ಇಲ್ಲವೋ ತಿಳಿಯದು. ನಗು ಬರಿಸುವ ಪುಸ್ತಕವೇ ಅದು, ಆ ಅಧ್ಯಾಯದಲ್ಲೂ ಎಲಿಜಬೆತ್ ಚುಚ್ಚುಮಾತು ಬಿಟ್ಟಿಲ್ಲ. ಮ್ಯಾನ್‌ವಿಲ್ ಅಲ್ಲಿ ದನಿ ಇಳಿಸುವುದಿಲ್ಲ, ದುಃಖದ ಲೇಪ ಹಚ್ಚುವುದಿಲ್ಲ. ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳುತ್ತಾರೆ, ಅದರಿಂದಲೇ ನನ್ನ ಗಂಟಲು ಕಟ್ಟಿತು. ಅಮ್ಮನಿಗೆ ಇದನ್ನು ಹೇಗೆ ಹೇಳುವುದು ಎಂದು ಹಿಂದೆಮುಂದೆ ನೋಡಿ, ಕೊನೆಗೆ ಹೇಳಿದೆ. ಅಮ್ಮ ತುಸು ಹೊತ್ತು ಸುಮ್ಮನಿದ್ದು, "ಕೇಳಿಸ್ತಿರುತ್ತೆ ಬಿಡು ಅವಳಿಗೆ" ಅಂದಳು. ಆಮೇಲೆ, "ಸರಿ, ಆ ಕಾಂಟ್ರಾಕ್ಟರ್‌ನ ಕೊಂದವರು ಯಾರು, ಮುಂದೆ ಹೇಳು."

ಹಗುರ ಎಂಬ ಮಾತಿನ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಹುಟ್ಟಿದ್ದು. ಈ ಕಾದಂಬರಿಗಳಲ್ಲಿ ಹೆಣ ಬೀಳುವುದು ಸದ್ದಿಲ್ಲದೆ, ನಿಜ. ಆದರೆ ಜಾಯ್ಸ್ ವಿಧವೆ, ಎಲಿಜಬೆತ್ ಅವರ ಗಂಡ ಸ್ಟೀಫನ್‌ಗೆ ದಿನೇ ದಿನೇ ಮರೆವು ಕವಿಯುತ್ತಿದೆ, ವಸತಿಯ ಆಂಬುಲೆನ್ಸ್ ಬಂದು ಹೋಗುವುದು ಅಲ್ಲಿ ಯಾರಿಗೂ ಹೊಸದಲ್ಲ. ಸಾವಿನ ಜೊತೆ ಇಷ್ಟು ದಿನ ಒಂದೇ ಕಾಂಪೌಂಡಿನಲ್ಲಿ ಇದ್ದವರು ಕೊಲೆಯ ಬಗ್ಗೆ ನಗುತ್ತಾ ಮಾತಾಡಬಲ್ಲರು, ಆ ನಗುವಿನ ಹಕ್ಕು ಅವರಿಗಿದೆ. ಪುಟದ ಮೇಲೆ ಈ ಎರಡು ಪದರಗಳನ್ನು ಓದುಗ ತಾನೇ ಬಿಡಿಸಿಕೊಳ್ಳಬೇಕು. ದನಿಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ, ಒಂದೇ ಉಸಿರಿನಲ್ಲಿ ತಮಾಷೆಯೂ ಸಂಕಟವೂ.

ಇನ್ನೊಂದು ಸಂಗತಿ. ಕಥೆ ಇನ್ನೂ ಮುಗಿಯುವ ಮೊದಲೇ ಒಂದು ರಾತ್ರಿ ಅಮ್ಮ ಒಬ್ಬನ ಹೆಸರು ಹೇಳಿ, "ಅವನೇ ಅಲ್ವಾ?" ಅಂದಳು. ನಾನು ದಂಗಾದೆ. ಹೇಗೆ ಗೊತ್ತಾಯಿತು ಎಂದರೆ, "ಅವನ ಹೆಸರು ಬಂದಾಗೆಲ್ಲ ನೀನು ಬೇಗ ಬೇಗ ದಾಟಿಬಿಡ್ತೀಯ. ಬೇರೆಯವರ ಹತ್ರ ಆರಾಮಾಗಿ ನಿಲ್ತೀಯ." ಹಗಲಲ್ಲಿ ಕೊನೆಯನ್ನು ಕೇಳಿ ಮುಗಿಸಿದ್ದೆ ನಾನು. ಗುಟ್ಟನ್ನು ಗಂಟಲಲ್ಲಿ ಇಟ್ಟುಕೊಂಡು ಮಾತಾಡುವುದು ಎಂದರೆ ಏನೆಂದು ಅವತ್ತು ನನಗೆ ಮೈಮೇಲೆ ಬಂದು ತಿಳಿಯಿತು. ಮ್ಯಾನ್‌ವಿಲ್ ಹೋಗಿ ಶಾ ಬಂದಾಗ ನಾನು ಕಳೆದುಕೊಂಡದ್ದು ಏನೆಂಬ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಕೊಲೆಗಾರ ಯಾರೆಂದು ತಿಳಿದೂ ನನ್ನನ್ನು ನ್ಯಾಯವಾಗಿ ನಡೆಸಿಕೊಂಡ ಒಬ್ಬರ ಜೊತೆ ನಾನು ಎರಡು ಪುಸ್ತಕ ಸವೆಸಿದ್ದೆ, ಆ ನಂಬಿಕೆಯನ್ನು ಹೊಸಬರ ಜೊತೆ ಮೊದಲಿಂದ ಕಟ್ಟಬೇಕಿತ್ತು. ಕೆಲವು ವಾರ ಬಿಟ್ಟು ಮೂರನೆಯದನ್ನು ತಿರುಗಿ ಹಿಡಿದೆ. ಶಾ ಅವರ ಓದಿನಲ್ಲಿ ನಾಟಕ ಕೊಂಚ ಹೆಚ್ಚು, ಅವರ ಎಲಿಜಬೆತ್ ನನಗೆ ಮ್ಯಾನ್‌ವಿಲ್ ಅವರಿಗಿಂತಲೂ ಖಡಕ್ಕಾಗಿ ಕೇಳಿಸಿದರು. ಅರ್ಧ ದಾರಿ ಮುಗಿಯುವಷ್ಟರಲ್ಲಿ ನಂಬಿಕೆ ಬಂದಿತ್ತು.

ದನಿಯಿಲ್ಲದ ತಪ್ಪೊಪ್ಪಿಗೆ

ಹದಿಹರೆಯದವರ ಥ್ರಿಲ್ಲರ್‌ಗಳ ಕಡೆಗೆ ನನ್ನನ್ನು ಎಳೆದವಳು ಅಕ್ಕನ ಮಗಳು. ಬೆಂಗಳೂರಿನಿಂದ ಸಾಗರಕ್ಕೆ ಕಾರಿನಲ್ಲಿ ಹೊರಟಿದ್ದೆವು, ಭಾವ ಓಡಿಸುತ್ತಿದ್ದರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮತ್ತೆ ಹತ್ತುವಾಗ ಅವಳು ತನ್ನ ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿ, "ಯಾರೂ ಮಾತಾಡಬಾರದು" ಎಂದು ಅಪ್ಪಣೆ ಕೊಟ್ಟಳು. ಹಾಲಿ ಜಾಕ್ಸನ್ ಅವರ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್'. 2019ರ ಪುಸ್ತಕ. ಇದರ ಅಮೆರಿಕದ ಆವೃತ್ತಿಯಲ್ಲಿ ಊರನ್ನೇ ಎತ್ತಿ ಇಂಗ್ಲೆಂಡಿನಿಂದ ಕನೆಕ್ಟಿಕಟ್‌ಗೆ ಇಟ್ಟಿದ್ದಾರೆ, ಆಡಿಯೋದಲ್ಲಿ ಹಲವು ಕಲಾವಿದರ ದನಿ ಇದೆ. ಅವಳ ಬಳಿ ಇದ್ದದ್ದು ಅದೇ. ಗೆಳತಿ ಓದಿದ ಬ್ರಿಟಿಷ್ ಪುಸ್ತಕದಲ್ಲಿ ಊರಿನ ಹೆಸರು ಲಿಟಲ್ ಕಿಲ್ಟನ್, ಇಲ್ಲಿ ನೋಡಿದರೆ ಫೇರ್‌ವ್ಯೂ. ಯಾವುದು ನಿಜವಾದ ಊರು ಎಂಬ ಅವರಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಪಿಪ್ ಎಂಬ ಹದಿನೇಳರ ಹುಡುಗಿ ಶಾಲೆಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಊರಿನ ಮುಗಿದುಹೋದ ಕೇಸೊಂದನ್ನು ಆರಿಸಿಕೊಳ್ಳುತ್ತಾಳೆ. ಐದು ವರ್ಷದ ಹಿಂದೆ ಆಂಡಿ ಬೆಲ್ ಎಂಬ ಹುಡುಗಿ ಕಾಣೆಯಾದಳು. ಅವಳ ಗೆಳೆಯ ಸಾಲ್ ಸಿಂಗ್ ಕಾಡಿನಲ್ಲಿ ಹೆಣವಾಗಿ ಸಿಕ್ಕ. ಸಾಯುವ ಮುಂಚೆ ಅಪ್ಪನಿಗೆ ಮೆಸೇಜ್ ಮಾಡಿ ತಪ್ಪೊಪ್ಪಿಕೊಂಡಿದ್ದ. ಊರು ಅಷ್ಟಕ್ಕೇ ಕಡತ ಮುಚ್ಚಿತು. ಸಿಂಗ್ ಮನೆಯವರು ಭಾರತ ಮೂಲದವರು, ಆ ಊರಿನಲ್ಲಿ ಅವರನ್ನು ಮುಖವೆತ್ತಿ ನೋಡುವವರೇ ಇಲ್ಲವಾದರು. ತಮ್ಮ ರವಿ ಮಾತ್ರ ಪಿಪ್ ಜೊತೆ ನಿಲ್ಲುತ್ತಾನೆ. ಪಿಪ್‌ಳ ಪ್ರಾಜೆಕ್ಟಿನ ಟಿಪ್ಪಣಿಗಳು, ಸಾಕ್ಷಿಗಳ ಸಂದರ್ಶನಗಳು ಪುಸ್ತಕದ ನಡುನಡುವೆ ದಾಖಲೆಗಳಾಗಿಯೇ ಬರುತ್ತವೆ. ಪುಟದ ಮೇಲೆ ಇವು ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು. ಕಾರಿನಲ್ಲಿ ಅವೇ ಜೀವಂತ ಮನುಷ್ಯರಾದವು. ಒಬ್ಬರು ಉತ್ತರಕ್ಕೆ ಮೊದಲು ಉಸಿರು ಎಳೆದುಕೊಂಡರು, ಒಬ್ಬರು ಬೇಕಿಲ್ಲದಿದ್ದರೂ ನಕ್ಕರು. ತಿಪಟೂರು ದಾಟುವಾಗ ಹುಡುಗಿ ಹಿಂದಿನ ಸೀಟಿನಿಂದ, "ಚಿಕ್ಕಮ್ಮ, ಇವನಲ್ಲ. ಇಷ್ಟು ಕೆಟ್ಟ ದನಿ ಕೊಟ್ಟಿದಾರೆ ಅಂದ್ರೆ ಇವನಾಗಿರಲ್ಲ" ಅಂದಳು. ಅವಳ ತರ್ಕ ಕೇಳಿ ನನಗೆ ಹೆಮ್ಮೆಯಾಯಿತು. ಕೇಳಿ ಬೆಳೆದ ಕಿವಿಯ ತರ್ಕ ಅದು.

ಭಾವ ಇಂಥ ಪುಸ್ತಕ ಮುಟ್ಟುವವರಲ್ಲ. ಗಂಟೆಗಟ್ಟಲೆ ತುಟಿ ಬಿಚ್ಚದೆ ಓಡಿಸಿದವರು ಕಡೂರಿನ ಹತ್ತಿರ ಇದ್ದಕ್ಕಿದ್ದಂತೆ, "ಅಲ್ಲಾ, ಆ ಮೆಸೇಜು ಆ ಹುಡುಗನೇ ಕಳಿಸಿದ್ದು ಅಂತ ಯಾರು ಹೇಳಿದ್ರು? ಫೋನ್ ಮಾಡಿದ್ರೆ ದನಿ ಗುರುತು ಸಿಗ್ತಿತ್ತು" ಅಂದರು. ಹುಡುಗಿ ಧ್ವನಿ ನಿಲ್ಲಿಸಿ, "ಪಪ್ಪಾ!" ಎಂದು ಕೂಗಿಕೊಂಡಳು. ನಾನು ಆಮೇಲೆ ಬಹಳ ಸಲ ಈ ಮಾತನ್ನು ನೆನೆದಿದ್ದೇನೆ. ಇಡೀ ಊರು ನಂಬಿದ ಆ ತಪ್ಪೊಪ್ಪಿಗೆಗೆ ದನಿಯೇ ಇರಲಿಲ್ಲ. ಪುಟದ ಮೇಲೆ ಓದುವವರಿಗೆ ಇದು ಎದ್ದು ಕಾಣದು, ಅಲ್ಲಿ ಯಾವುದಕ್ಕೂ ದನಿ ಇಲ್ಲವಲ್ಲ. ಉಳಿದೆಲ್ಲರೂ ತಮ್ಮ ತಮ್ಮ ಗಂಟಲಿನಿಂದ ಮಾತಾಡುವ ಆಡಿಯೋದಲ್ಲಿ ಆ ಒಂದು ಸಂದೇಶ ಮಾತ್ರ ಅನಾಥವಾಗಿ ನಿಲ್ಲುತ್ತದೆ. ಯಾರು ಅದನ್ನು ಓದಿದರೂ ಅದು ಅವರದಲ್ಲ. ಸರಣಿಯ ಎರಡನೆಯ ಪುಸ್ತಕದಲ್ಲಿ ಪಿಪ್ ಪಾಡ್‌ಕಾಸ್ಟ್ ಶುರುಮಾಡಿ, ಕಾಣೆಯಾದವನೊಬ್ಬನನ್ನು ಅದರ ಮೂಲಕವೇ ಹುಡುಕಲು ಹೊರಡುತ್ತಾಳೆ. ಜಾಕ್ಸನ್ ಅವರಿಗೂ ಕಿವಿಯ ಬಲ ಚೆನ್ನಾಗಿ ಗೊತ್ತು. ಎಳೆಯರ ಪುಸ್ತಕ ಎಂದು ದೊಡ್ಡವರು ಇವನ್ನು ಮುಟ್ಟದಿರುವುದು ದೊಡ್ಡವರಿಗೇ ನಷ್ಟ. ಒಂದು ಕುಟುಂಬವನ್ನು ವಿಚಾರಿಸದೆ ಊರೇ ತೀರ್ಪು ಕೊಡುವ ಕ್ರಮವನ್ನು ಇಷ್ಟು ಬಿಚ್ಚಿಟ್ಟ ಕಥೆಯನ್ನು ನಾನು ದೊಡ್ಡವರ ಶೆಲ್ಫಿನಲ್ಲಿ ಹೆಚ್ಚು ಕಂಡಿಲ್ಲ.

ಎರಡನೆಯ ಸಲ

ಕೊಲೆಗಾರ ಗೊತ್ತಾದ ಮೇಲೆ ಪತ್ತೇದಾರಿ ಕಾದಂಬರಿಯನ್ನು ಮತ್ತೆ ಓದುವುದಾದರೂ ಏಕೆ ಎಂದು ಕೇಳುತ್ತಾರೆ. ಕೇಳುವ ಪುಸ್ತಕಕ್ಕೆ ಈ ಪ್ರಶ್ನೆ ಹೊಂದುವುದಿಲ್ಲ. ನಮ್ಮಲ್ಲಿ ಗಮಕ ಕೇಳಲು ಕೂತವರಿಗೆ ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ಗೊತ್ತೇ ಇರುತ್ತದೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗೊತ್ತಿರುವ ಕಥೆಯನ್ನೇ ವಾಚನ ಮಾಡಿದ್ದಕ್ಕೆ. ಕೊನೆ ಬಲ್ಲ ಕೇಳುಗರು ದಾರಿಯನ್ನು ಕೇಳುತ್ತಾರೆ. ನಾನು ಆಸ್ಮನ್ ಅವರ ಮೊದಲ ಪುಸ್ತಕವನ್ನು ಎರಡನೆಯ ಸಲ ಹಾಗೆಯೇ ಕೇಳಿದೆ. ಗುಟ್ಟು ಈಗ ನನಗೂ ಗೊತ್ತು, ಮ್ಯಾನ್‌ವಿಲ್‌ಗೂ ಗೊತ್ತು. ಕೊಲೆ ಮಾಡಿದ ಕೈಯವರು ಮೊದಲ ಸಲ ಬಾಯಿ ತೆರೆಯುವ ಜಾಗದಲ್ಲಿ ಕಿವಿ ನಿಮಿರಿಸಿ ಕೂತೆ. ಆಕೆ ಆ ಮಾತಿನ ಹತ್ತಿರ ಆರಾಮಾಗಿ ನಿಂತರು, ಅಮ್ಮ ಹೇಳಿದ ಹಾಗೆ, ಬೇರೆಯವರ ಹತ್ತಿರ ನಿಂತಷ್ಟೇ ಆರಾಮಾಗಿ. ಆ ಮಾತಿನಲ್ಲಿ ಪ್ರೀತಿಯೂ ಇತ್ತು. ಮೊದಲ ಸಲ ಅದನ್ನು ಬರೀ ಪ್ರೀತಿ ಎಂದು ಕೇಳಿದ್ದೆ. ಈಗಲೂ ಅದು ಪ್ರೀತಿಯೇ, ಜೊತೆಗೆ ಇನ್ನೇನೋ.

ಇದೆಲ್ಲ ನನಗೆ ಕನ್ನಡದಲ್ಲಿ ಬೇಕು. ಮೈಲ್ಯಾಂಗ್‌ನಂಥ ಕಡೆ ಕನ್ನಡದ ಆಡಿಯೋ ಪುಸ್ತಕಗಳು ಸಿಗುತ್ತಿವೆ, ಕೇಳುತ್ತಿದ್ದೇನೆ, ಸಂತೋಷ. ಪತ್ತೇದಾರಿಗೆ ದನಿ ಕೊಡುವವರಲ್ಲಿ ನನ್ನ ಕೆಲವು ಕೋರಿಕೆಗಳಿವೆ. ಹಿನ್ನೆಲೆಯಲ್ಲಿ ಢಂ ಎನ್ನುವ ಸಂಗೀತ ಬೇಡ, ಅದು ಸುಳಿವಿನ ಮೇಲೆ ಬೆಳಕು ಬಿಟ್ಟು ಹಾಳು ಮಾಡುತ್ತದೆ. ಖಳನಿಗೆ ಗೊಗ್ಗರು ದನಿ, ಅಡುಗೆಯವನಿಗೆ ನಗಿಸುವುದಕ್ಕೆಂದೇ ಮಂಗಳೂರು ಕನ್ನಡ, ಕಾನ್‌ಸ್ಟೇಬಲ್ಲಿಗೆ ಧಾರವಾಡದ ಮಾತು, ಈ ಹಳೆಯ ಹಂಚಿಕೆ ಬೇಡವೇ ಬೇಡ. ಧಾರವಾಡದವರೇ ಪತ್ತೇದಾರರಾಗಲಿ, ಕುಂದಾಪುರದ ಮುದುಕಿಯೊಬ್ಬರು ಎಲ್ಲರಿಗಿಂತ ಮೊದಲು ಸತ್ಯ ಕಂಡುಹಿಡಿಯಲಿ. ನರಸಿಂಹಯ್ಯನವರ ಪುಟ್ಟ ಪುಟ್ಟ ಕಾದಂಬರಿಗಳು ಒಂದು ಬಸ್ ಪ್ರಯಾಣದಲ್ಲಿ ಕೇಳಿ ಮುಗಿಸುವ ಅಳತೆಯವು. ಪುರುಷೋತ್ತಮನ ಒಂದು ಕಥೆ ಹೀಗೆ ಬಂದರೆ ಬಂದ ದಿನವೇ ಕೊಳ್ಳುತ್ತೇನೆ. ಓದಿದವರ ಹೆಸರನ್ನೂ ಮುಖಪುಟದಲ್ಲಿ ಲೇಖಕರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಿ ಎಂದು ಪ್ರಕಾಶಕರಿಗೆ ಪತ್ರವನ್ನೂ ಬರೆಯುತ್ತೇನೆ.